ಸುಕನ್ಯಾಳ ದನಿಯಿದ್ದ ಡಿಸ್ಕು

ಟಕ್, ಮತ್ತೆ ಟಕ್ — ಹಲ್ಲಿಯಲ್ಲ, ಹಳೇ ಡಿಸ್ಕೇ, ಒಳಗೆಲ್ಲೋ ಉಗುರಿನಿಂದ ತಗಡು ಕುಟ್ಟಿದ ಹಾಗೆ, ವಿನೋದ ಮೇಜಿನ ಮೇಲಿನ ಕರಿ ಡಬ್ಬಿಗೆ ಅಂಗೈ ಇಟ್ಟ, ಬಿಸಿ, ಜ್ವರ ಬಂದವರ ಹಣೆಯಂಥ ಬಿಸಿ, ಈಗ ನಿಲ್ಲಬ್ಯಾಡ ನನ್ನಪ್ಪಾ, ಇನ್ನೊಂದು ತಾಸು ಉಸಿರು ಹಿಡಿ. ಮನೆಯ ಎರಡೂ ಕಂಪ್ಯೂಟರುಗಳ ಫೋಟೋ, ಹಾಡು, ಮಾತು ಎಲ್ಲ ಈ ಡಬ್ಬಿಯಲ್ಲೇ, ಒಳಗೆ ಎರಡು ಡಿಸ್ಕು, ಎರಡರಲ್ಲೂ ಇದ್ದದ್ದು ಒಂದೇ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು, ಆ ಒಂದು ಹೋದ ವಾರ ಕೆಟ್ಟೇಬಿಟ್ಟಿತು, ಹ್ಯಾಂಗೂ ತುಂಬೇತಿ, ಎರಡೂ ದೊಡ್ಡವನ್ನ ಹಾಕಿಬಿಡ್ರಿ ಎಂದಿದ್ದ ದೇಶಪಾಂಡೆ ನಗರದ ಅಂಗಡಿಯವ, ಮೊದ್ಲ ಒಂದು ಹೊಸಾದು ಕೂಡಸ್ರಿ, ಹಳೇದರಿಂದ ಪೂರಾ ಕಾಪಿ ಆಗ್ಲಿ, ನಡುವ ಕರೆಂಟ್ ಹೋಗದಂಗ ನೋಡ್ಕೋರಿ — ಹೋಗಿದೆ ಕರೆಂಟು, ಫ್ಯಾನು ತಿರುಗಿ ತಿರುಗಿ ನಿಂತಿದೆ, ಗೋಪನಕೊಪ್ಪದ ಮೇಲೆ ಸಂಜೆಯ ಮಬ್ಬು, ಮೇಜಿನ ಕೆಳಗೆ ಯುಪಿಎಸ್ಸು ಕೀಂ ಕೀಂ ಎಂದು ಚೀರುತ್ತಿದೆ, ಅದರ ಬ್ಯಾಟರಿ ಎಷ್ಟು ಹೊತ್ತು, ಕಾಪಿ ಆದದ್ದು ಅರ್ಧಕ್ಕಿಂತ ಚೂರು ಹೆಚ್ಚು, ಬಂದ್ ಮಾಡಲೇ, ಬಂದ್ ಮಾಡಿದರೆ ಈ ಹಳೆಯದು ಮತ್ತೆ ಏಳುತ್ತದೆಯೇ, ಏಳದಿದ್ದರೆ ಹೋಯಿತು, ಮಗಳಿಗೆ ಹೆಂಡತಿ ಹೇಳುತ್ತಿದ್ದ ನರಿಯ ಕಥೆ, ಸಾಸಿವೆ ಸಿಡಿಯುವಾಗಿನ ಗುನುಗು, ರೀ, ಅದನ್ನ್ಯಾಕ ರೆಕಾರ್ಡ್ ಮಾಡ್ತೀರಿ, ಬಂದ್ ಮಾಡ್ರಿ ಎಂದು ನಕ್ಕದ್ದು, ಗಂಟಲ ಆಪರೇಶನ್ನಿನಲ್ಲಿ ಡಾಕ್ಟರು ದನಿಯ ಗೂಡನ್ನೇ ತೆಗೆಯುವ ಮೊದಲಿನ ಸುಕನ್ಯಾ, ಅವಳು ಪಾತ್ರೆ ತಿಕ್ಕುವಾಗ ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನಾ ಕೇಳುವ ಸುಕನ್ಯಾ, ಟಕ್ — ಬಾಗಿಲಲ್ಲಿ ಅವಳೇ ನಿಂತಿದ್ದಾಳೆ, ಕತ್ತಿನ ತೂತಿನ ಮೇಲೆ ಬೆರಳು, ಬೆರಳು ಒತ್ತಿದರೆ ಮಾತ್ರ ಮಾತು, ಅದೂ ಗೊರಗೊರ, ಹಿಟ್ಟಿನ ಗಿರಣಿಯ ಒಳಗಿಂದ ಯಾರೋ ಕೂಗಿದಂತೆ, ಏನೋ ಅಂದಳು, ಏನಂದಿ? ಮತ್ತೆ ಅಂದಳು, ತಿಳೀವಲ್ದು, ಆಮ್ಯಾಲೆ ಹೇಳು, ಈಗ ಬ್ಯಾಡ, ಇದ್ರಾಗ ನಿನ್ನ ದನಿ ಐತಿ, ನಿನ್ನ ದನಿ ಹೊಂಟೈತಿ! ಅವಳ ಬೆರಳು ಕತ್ತಿನಿಂದ ಜಾರಿತು, ನೋಡಿದಳು, ಹೊರಟೇಹೋದಳು.

ಗೇಟು ಕಿರ್ ಎಂದಿತು, ಯಾರು, ಅವಳಂತೂ ಅಲ್ಲ, ಆಪರೇಶನ್ ಆದ ಮೇಲೆ ಅವಳು ಗೇಟು ದಾಟಿದವಳಲ್ಲ, ಕಾಯಿಪಲ್ಯದವಳಿಗೂ ಬೆರಳು ತೋರಿಸಿ ಕೊಳ್ಳುವವಳು, ಪರರ ಮುಂದೆ ಮಗಳೇ ಬಾಯಿ — ಯುಪಿಎಸ್ಸಿನ ಚೀರಾಟ ಲಗುಬಗೆಯಾಯಿತು, ಇನ್ನೇನು ಮುಗಿಯಿತು, ಸ್ವಿಚ್ಚಿನ ಮೇಲೆ ಕೈ ಇಟ್ಟ, ತೆಗೆದ, ಮತ್ತೆ ಇಟ್ಟ, ಆಗ ಕಿಟಕಿಯಾಚೆ, ಮಗ್ಗುಲ ಮನೆಯ ಗುಲಾಬಸಾಬರ ಅಂಗಳದಿಂದ, ಅದೇ ಗೊರಗೊರ, ಕಾಕಾ, ಇನ್ವರ್ಟರಿನ ಒಂದು ವಾಯರ್ ನಮ್ಮನೀಗೆ ಕೊಡ್ರಿ, ಲಗೂ ಬೇಕಾಗೇತ್ರಿ — ಒಂದೊಂದು ಅಕ್ಷರವೂ ಕೇಳಿಸಿತು, ಮುದುಕ ಒಂದಿಷ್ಟೂ ತಡೆಯದೆ, ತಗೋ ತಂಗಿ, ಕೇಳ್ತೀಯೇನು, ನಮ್ಮ ಟಿವಿ ಬಂದ್ ಮಾಡ್ತೇನಿ, ಎಂದ, ಅಷ್ಟೇ, ಏನಂದಿ ಎನ್ನಲಿಲ್ಲ, ಮತ್ತೊಮ್ಮೆ ಹೇಳು ಎನ್ನಲಿಲ್ಲ, ಪರರಿಗೆ ತಿಳಿದದ್ದು ತನಗೆ — ವಾಯರು ಕಿಟಕಿಯ ಸರಳುಗಳ ನಡುವೆ ಒಳಬಂತು, ಹಿಡೀರಿ, ಹಿಡಿದ, ಯುಪಿಎಸ್ಸಿನ ಪ್ಲಗ್ಗು ಅದಕ್ಕೆ ಚುಚ್ಚಿದ, ಚೀರಾಟ ನಿಂತಿತು, ಮನೆಯೆಲ್ಲ ಒಮ್ಮೆಲೇ ಸುಮ್ಮನಾಯಿತು, ಡಿಸ್ಕು ಟಕ್ ಎಂದಿತು, ಆದರೂ ಕಾಪಿ ನಡೆದಿತ್ತು, ಹೊಸದರ ದೀಪ ಮಿಣಮಿಣ, ಸರಳಿನಾಚೆ ಅವಳು ಏದುಸಿರು ಬಿಡುತ್ತ, ಎಷ್ಟಾತ್ರಿ, ಎಂದಳು, ಸ್ಕ್ರೀನಿನತ್ತ ತಿರುಗಿ ನೋಡಿ ಹೇಳಬೇಕು, ತಿರುಗಲಾರ, ಕತ್ತಿನ ಮೇಲಿನ ಆ ಬೆರಳು, ಉಗುರು ಬೆಳ್ಳಗಾಗುವಷ್ಟು ಒತ್ತಿದ ಬೆರಳು, ಅದರ ಅಂಚಿನಿಂದ ಸುಯ್ಯೆನ್ನುವ ಗಾಳಿ, ಬೆರಳು ಎದ್ದಿತು, ಉಸಿರು ಎಳೆದಳು, ಬೆರಳು ಮತ್ತೆ ಕತ್ತಿನತ್ತ ಬರುತ್ತಿದೆ, ಅವನು ಸರಳಿಗೆ ಕಿವಿ ಹಚ್ಚಿದ.