ಮಂಗಳವಾರದ ವಿಮಾನ

ನಮ್ಮ ಮರ್ಫಿ ಟೌನ್ ಗಲ್ಲಿಯಲ್ಲಿ ಯಾರು ವಿಮಾನ ಹತ್ತುವುದಿದ್ದರೂ ಮೊದಲು ನನ್ನ ಬಾಗಿಲಿಗೆ ಬಂದು ಟಿಕೆಟ್ ತೋರಿಸುತ್ತಿದ್ದರು. ಚಿಕ್ಕಮುನಿಯಪ್ಪ ಸರಿ ಅಂದರೆ ಸರಿ. ಮೂವತ್ತನಾಲ್ಕು ವರ್ಷ ವಿಮಾನ ಕಾರ್ಖಾನೆಯಲ್ಲಿ ತಗಡು ಜೋಡಿಸುವ ರಿವೆಟ್ ಹೊಡೆದವನು ನಾನು. ಒಂದು ಸಲವೂ ವಿಮಾನದಲ್ಲಿ ಕೂತಿಲ್ಲ ಎಂಬುದು ಬೇರೆ ಮಾತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಳೇ ಮಾದರಿಯಾದರೆ ಹೋಗಿ ಬನ್ನಿ ಅನ್ನುತ್ತಿದ್ದೆ. ಹೊಸದಾದರೆ ಮುಖ ಸಿಂಡರಿಸುತ್ತಿದ್ದೆ. ನಮ್ಮ ಕಾಲದಲ್ಲಿ ಒಬ್ಬ ಹೊರಗಿನಿಂದ ರಿವೆಟ್ ಹೊಡೆದರೆ ಇನ್ನೊಬ್ಬ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಿದ್ದ. ತಪ್ಪಾದರೆ ಬೆರಳಿಗೇ ಗೊತ್ತಾಗುತ್ತಿತ್ತು. ಈಗಿನ ವಿಮಾನದ ಮೈಯನ್ನು ನಾರಿನ ಹಾಳೆಗೆ ಅಂಟು ಕುಡಿಸಿ, ದೊಡ್ಡ ಒಲೆಯಲ್ಲಿಟ್ಟು ಬೇಯಿಸುತ್ತಾರಂತೆ. ಅದೇನು ವಿಮಾನವೋ ಬನ್ನೋ? ಒಳಗೆ ಅಂಟು ಬಿಟ್ಟುಕೊಂಡರೆ ಯಾರ ಬೆರಳಿಗೆ ತಿಳಿಯುತ್ತದೆ? ಟೀವಿಯಲ್ಲಿ ಅಂಥದ್ದೇ ಒಂದು ವಿಮಾನ ಹೊತ್ತಿ ಉರಿದದ್ದನ್ನು ಕಂಡ ಮೇಲಂತೂ ಗಲ್ಲಿಗೆ ನನ್ನ ಮಾತು ವೇದವಾಕ್ಯವಾಯಿತು. ನನ್ನ ಹೆಂಡತಿ ಮಂಜುಳಮ್ಮ ಮಾತ್ರ ನಗುತ್ತಿದ್ದಳು. ವಿಮಾನ ಓಡಿಸುವವರಿಗೂ ಒಮ್ಮೆ ಪಾಠ ಹೇಳಿಬನ್ನಿ ಅನ್ನುತ್ತಿದ್ದಳು.

ಅವಳ ಲಿವರ್ ಕೈಕೊಟ್ಟಿತು. ಒಂದು ಸೋಮವಾರ ಡಾಕ್ಟರು, ಇನ್ನು ಒಂದು ವಾರ, ಮನೆಗೆ ಕರೆದುಕೊಂಡು ಹೋಗಿ, ನೋಡಬೇಕಾದವರನ್ನು ಕರೆಸಿ ಅಂದರು. ಬರಬೇಕಾದವಳು ಒಬ್ಬಳೇ, ಮಗಳು ಬೃಂದಾ. ಲಂಡನ್ನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್. ಅವಳು ಅಂದೇ ರಜ ಕೇಳಿ, ಪಡೆದು, ಮಂಗಳವಾರದ ಟಿಕೆಟ್ ಮಾಡಿಸಿ ನನ್ನ ಫೋನಿಗೆ ಕಳಿಸಿದಳು. ನೋಡಿದೆ. ಹೊಸ ಮಾದರಿ.

ಹೆಂಡತಿ ಹೋಗುವುದು ಖಾತ್ರಿಯಾಗಿತ್ತು. ಮಗಳಿಗೂ ಏನಾದರೂ ಆದರೆ ಎಂದು ಹೆದರಿದೆ. ಅದನ್ನು ರದ್ದು ಮಾಡು, ಗುರುವಾರ ಹೊರಡುವ ಹಳೇ ಮಾದರಿಯಲ್ಲೇ ಬಾ ಎಂದು ಹಠ ಹಿಡಿದೆ.

"ಅಪ್ಪಾ, ಅಮ್ಮ ಅಲ್ಲೀವರ್ಗೂ ಇರ್ತಾಳಾ?"

"ಡಾಕ್ಟ್ರು ಒಂದ್ ವಾರ ಅಂದವ್ರೆ. ನನ್ ಮಾತು ಕೇಳು."

ಕೇಳಿದಳು. ಚಿಕ್ಕಂದಿನಿಂದಲೂ ಅವಳು ನನ್ನ ಮಾತು ಮೀರಿದವಳಲ್ಲ.

ಮಂಗಳವಾರ ಬೆಳಿಗ್ಗೆ ಮಂಜುಳಾ, ಬೃಂದಾ ಹೊರಟಳಾ ಎಂದು ಕೇಳಿದಳು. ನಿಜ ಹೇಳಿದ್ದರೆ ಮಲಗಿದಲ್ಲಿಂದಲೇ ನನ್ನ ಜನ್ಮ ಜಾಲಾಡಿ, ಮಗಳಿಗೆ ಫೋನ್ ಮಾಡಿ, ಅದೇ ವಿಮಾನ ಹತ್ತಿಸುತ್ತಿದ್ದಳು. ಅದಕ್ಕೆ ಹೆದರಿ, ರಜ ಸಿಗಲಿಲ್ಲವಂತೆ, ಶುಕ್ರವಾರ ಬರುತ್ತಾಳೆ ಎಂದೆ.

"ಪಾಪ, ಬೇರೆಯವರ ಅಮ್ಮಂದ್ರನ್ನ ನೋಡ್ಕೊಬೇಕಲ್ಲ ಅವ್ಳು," ಅಂದು ಗೋಡೆ ಕಡೆ ತಿರುಗಿದಳು. ಮತ್ತೆ ಮಗಳ ಹೆಸರೆತ್ತಲಿಲ್ಲ.

ಬುಧವಾರ, ಟ್ಯಾಕ್ಸಿ ಓಡಿಸುವ ಪಕ್ಕದ ಮನೆಯ ಪ್ರೇಮ್‌ಕುಮಾರ್‌ಗೆ ಹೇಳಿ ಫೋನಿನಲ್ಲಿ ನೋಡಿಸಿದೆ. ನಾನು ಬೇಡವೆಂದ ವಿಮಾನ ಇಪ್ಪತ್ತು ನಿಮಿಷ ಮುಂಚೆಯೇ ಬಂದು ಇಳಿದಿತ್ತು. ಗುರುವಾರ ಬೆಳಿಗ್ಗೆ, ನಾನು ಗಂಜಿ ಆರಿಸುತ್ತಿದ್ದಾಗ, ಮಂಜುಳಾ ಹೋದಳು. ಬೃಂದಾ ವಿಮಾನ ಹತ್ತುವ ಮೊದಲೇ ಅವಳಿಗೆ ಅದನ್ನು ಹೇಳಬೇಕಾಯಿತು.

ಶುಕ್ರವಾರ ಅವಳು ಬಂದಾಗ ಗಲ್ಲಿಯ ಶಾಮಿಯಾನದಡಿ ತಾಯಿ ಫ್ರೀಜರ್ ಬಾಕ್ಸಿನಲ್ಲಿದ್ದಳು. ಎರಡು ದಿನ ಮುಂಚೆ ಬರಬಾರದಿತ್ತೇ ಎಂದು ನೆಂಟರು ಗೊಣಗಿದರು. ಟಿಕೆಟ್ ಸಿಗಲಿಲ್ಲ ಎಂದಳು ಬೃಂದಾ. ನನ್ನ ಮುಖ ನೋಡದೆ, ನನಗೋಸ್ಕರ ಹೇಳಿದ ಸುಳ್ಳು. ನನ್ನ ಮಾನ ಅವಳು ಉಳಿಸಿದಳು, ಅವಳ ಮಾನವನ್ನು ನಾನು ಹೆತ್ತವಳ ಮುಂದೆಯೇ ಕಳೆದಿದ್ದೆ.

ಆಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಅಮ್ಮ ನನ್ನ ಕೇಳಿದ್ಲಾ ಅಪ್ಪಾ?"

ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ. "ಕೇಳಿದ್ಲು. ನಿಂಗೆ ರಜ ಸಿಗ್ಲಿಲ್ಲ ಅಂದ್ಬಿಟ್ಟೆ ಕಣವ್ವಾ."

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಎದ್ದು ಹೋಗಿ, ಬಾಕ್ಸಿನ ಗಾಜಿನ ಮೇಲಿನ ಮಂಜನ್ನು ಅಂಗೈಯಿಂದ ಒರೆಸಿ, ತಾಯಿಯ ಕಿವಿ ಇರುವ ಕಡೆ ಬಾಯಿಟ್ಟಳು.

"ಅಮ್ಮಾ, ರಜ ಕೊಟ್ಟಿದ್ರು ಕಣಮ್ಮ. ಕೇಳಿದ್ ದಿನಾನೇ ಕೊಟ್ಟಿದ್ರು."

ಎರಡನೇ ಸಲ ಇನ್ನೂ ಜೋರಾಗಿ ಹೇಳಿದಳು. ಮೂರನೇ ಸಲ ಇಡೀ ಗಲ್ಲಿಗೆ ಕೇಳಿಸಿತು.