ಅತ್ತೆಯ ಸೊಪ್ಪಿನ ಟೀ

ಅಪ್ಪ ಕದ್ದು ಕುಡಿಯುತ್ತಿದ್ದಾರೆಯೇ? ಈ ಮಾತನ್ನು ಮಗಳು ಯಾರ ಮುಂದೆಯೂ ಆಡಿರಲಿಲ್ಲ. ತನ್ನೊಳಗೇ ಪಿಸುಗುಟ್ಟಿ, ಹಾಗೆ ಪಿಸುಗುಟ್ಟಿದ್ದಕ್ಕೂ ನಾಚಿಕೊಂಡಿದ್ದಳು.

ತಲೆಗೆ ಈ ಹುಳ ಬಿಟ್ಟವರು ಡಾಕ್ಟರು. "ಲಿವರ್ ಕೆಟ್ಟಿದೆ. ಎಷ್ಟು ವರ್ಷದಿಂದ ಕುಡೀತೀರಿ?" ಎಂದು ಕೇಳಿದ್ದರು.

"ನಾನಾ? ದೇವರಾಣೆ ಮುಟ್ಟಿಲ್ಲ!" ಅಪ್ಪ ಕಕ್ಕಾಬಿಕ್ಕಿಯಾಗಿದ್ದರು. ಡಾಕ್ಟರು ಇಂಥ ಆಣೆಗಳನ್ನು ಬೇಕಾದಷ್ಟು ಕೇಳಿದವರಂತೆ ನಕ್ಕಿದ್ದರು.

ಅಂದಿನಿಂದ ಮನೆ ಪೊಲೀಸ್ ಠಾಣೆಯಾಯಿತು. ಅಪ್ಪ ತಮ್ಮ ಟೈಲರ್ ಅಂಗಡಿಯಿಂದ ಬಂದರೆ ಸಾಕು, ಟವೆಲ್ ಕೊಡುವ ನೆಪದಲ್ಲಿ ಅಮ್ಮ ಅವರ ಬಾಯಿ ಮೂಸುತ್ತಿದ್ದಳು.

"ಏನೇ ಇದು, ನಾಯಿ ಥರ?"

"ಕಳ್ಳ ಒಳಗೇ ಇದ್ರೆ ನಾಯಿಯೂ ಒಳಗೇ ಇರ್ಬೇಕಲ್ಲ!"

ಅಪ್ಪ ನಗಲಿಲ್ಲ. ತಮ್ಮದೇ ಪ್ಯಾಂಟಿನ ಸೊಂಟದ ಹೊಲಿಗೆಯನ್ನು ಮತ್ತೊಮ್ಮೆ ಬಿಚ್ಚಿ ಸಡಿಲಿಸುತ್ತ ಕೂತರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ.

ಅವರ ಪರ ನಿಂತವರು ಅವರ ಅಕ್ಕ ಒಬ್ಬರೇ, ಅಂದರೆ ಮಗಳ ಸೋದರತ್ತೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವರು. ಊಟ ಅರಗಲಿ ಎಂದು ಕಳೆದ ವರ್ಷ ಶುರುಮಾಡಿದ ಸೊಪ್ಪಿನ ಟೀಯನ್ನು ಈಗಲೂ ತಪ್ಪದೆ ಕೊಡುತ್ತಿದ್ದರು. "ತಗೊಳೋ, ಹೊಟ್ಟೆ ಇಳಿಯತ್ತೆ." ಕಾಯಿಲೆ ಏರಿದಂತೆ ಲೋಟವೂ ದೊಡ್ಡದಾಯಿತು. ಅತ್ತೆ ಮಾತ್ರ ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಕೇಳಿದರೆ, "ಆ ಕಹಿ ನಂಗಾಗಲ್ಲಮ್ಮ" ಎನ್ನುತ್ತಿದ್ದರು.

ಮಗಳ ಅನುಮಾನ ಅಪ್ಪನ ಬಾಯಿಯಿಂದ ಆ ಲೋಟಕ್ಕೆ ದಾಟಿತು.

ಬಟ್ಟೆ ಹರವುವ ನೆವದಲ್ಲಿ ಟೆರೇಸಿಗೆ ಹೋದಳು. ಅತ್ತೆ ಹಳೇ ಬೆಡ್‌ಶೀಟಿನ ಮೇಲೆ ಒಣಹಾಕಿದ್ದ ಸೊಪ್ಪನ್ನು ಕೆದಕಿದಳು. ಒಣಗಿದ್ದೆಲ್ಲ ಒಂದೇ ಬಣ್ಣ. ಪಕ್ಕದ ಹಸಿ ಕಟ್ಟಿನಲ್ಲಿ ಮಾತ್ರ, ಪರಿಚಿತ ಎಲೆಗಳ ನಡುವೆ, ಹಳದಿ ಹೂವಿನ ಬೇರೆಯದೇ ಗಿಡವಿತ್ತು.

"ಏನು ಹುಡುಕ್ತಿದೀಯೇ?" ಬೆನ್ನ ಹಿಂದೆ ಅತ್ತೆ.

"ಇದು... ಯಾವ ಗಿಡ ಅತ್ತೆ?"

"ಅದಾ? ಯಾವುದೋ ಕಳೆ. ಮುಂಚೆ ಒಂದೊಂದೇ ಎಲೆ ಚಿವುಟ್ತಿದ್ದೆ. ಈಗ ಮಂಡಿ ಎಲ್ಲಿ ಬಗ್ಗತ್ತೆ? ಕುಡುಗೋಲು ಹಾಕಿ ಹಿಡಿಹಿಡಿ ಕೊಯ್ಕೊಂಡು ಬರ್ತೀನಿ. ಸೊಪ್ಪು ತಾನೇ, ಏನಾಗತ್ತೆ?"

ಸಾಕಿದ ಕೈಯತ್ತ ಬೆರಳು ತೋರಿಸುವುದು ಹೇಗೆ? ತೋರಿಸದಿದ್ದರೆ ಅಪ್ಪ ಉಳಿಯುವುದು ಹೇಗೆ?

ಮರುದಿನ ಎಲ್ಲರೂ ಆಸ್ಪತ್ರೆಯಲ್ಲಿದ್ದರು. ಅಪ್ಪನ ಕಣ್ಣು ಅರಿಶಿನವಾಗಿತ್ತು.

"ಬೇರೆ ಏನಾದ್ರೂ ಔಷಧಿ ತಗೋತೀರಾ?" ಡಾಕ್ಟರು ಕೇಳಿದರು.

"ಇಲ್ಲ" ಎಂದರು ಅಪ್ಪ. "ಏನೂ ಇಲ್ಲ" ಎಂದಳು ಅಮ್ಮ. ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡಿದ್ದ ಅತ್ತೆಯೂ ತಲೆಯಾಡಿಸಿದರು. ಯಾರೂ ಸುಳ್ಳಾಡುತ್ತಿರಲಿಲ್ಲ. ಔಷಧಿಯೆಂದರೆ ಅವರಿಗೆ ಅಂಗಡಿಯ ಮಾತ್ರೆ, ಬಾಟಲಿ. ಟೀ ಎಂದರೆ ಟೀ.

"ಹಾಗಿದ್ರೆ ಕುಡಿತವೇ ಇರ್ಬೇಕು." ಡಾಕ್ಟರ ಪೆನ್ನು ಕಾಗದಕ್ಕಿಳಿಯಿತು. ಅಪ್ಪ ತಲೆ ತಗ್ಗಿಸಿದರು. ಅತ್ತೆ ಸಮಾಧಾನ ಮಾಡುವವರಂತೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ಮಗಳು ಎದ್ದು ನಿಂತಳು.

"ಅಪ್ಪನಿಗೆ ದಿನಾ ಈ ಟೀ ಕೊಡ್ತೀವಿ ಡಾಕ್ಟ್ರೇ. ಸೊಪ್ಪಿನ ಜೊತೆ ಯಾವುದೋ ಕಳೆ ಸೇರಿದೆ."