ನನ್ನೊಳಗಿನ ಪೇರಲ ಗಿಡ

ನಾನೊಂದು ಗಾಜು. ಆಳೆತ್ತರ, ಮಾರಗಲ. ನಾನು ಹುಟ್ಟಿದ್ದು ಮರಳಿನಿಂದ ಎಂದರೆ ನನಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ. ಕುಲುಮೆಯಲ್ಲಿ ಕರಗಿ, ಚಪ್ಪಟೆಯಾಗಿ ಹರಿದು, ತಣ್ಣಗಾಗಿ ಎದ್ದು ನಿಂತಾಗ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನನ್ನು ಲಾರಿಯಿಂದ ಇಳಿಸಿದ ಹಮಾಲ, "ಇದ್ದೂ ಇಲ್ಲದಂಗ ಐತಿ ನೋಡ್ರಿ" ಎಂದು ಹೊಗಳಿದ. ಆ ಮಾತು ನನ್ನ ತಲೆಗೇರಿತು. ಕಣ್ಣಿಗೆ ಬೀಳದಿರುವುದೇ ದೊಡ್ಡಸ್ತಿಕೆ ಎಂದು ತಿಳಿದೆ. ಹಾಳು ದೊಡ್ಡಸ್ತಿಕೆ!

ನನ್ನ ಮೊದಲ ಮನೆ ಒಂದು ಸೀರೆ ಅಂಗಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನನ್ನನ್ನು ಒರೆಸುತ್ತಿದ್ದರು. ಒಂದು ದಿನ ಗಿರಾಕಿಯೊಬ್ಬ ಬಾಗಿಲೆಂದುಕೊಂಡು ನನ್ನೊಳಗೇ ನುಗ್ಗಲು ಬಂದು ಹಣೆ ಬಡಿಸಿಕೊಂಡ. ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ನಾನು ಒಳಗೊಳಗೇ ನಕ್ಕೆ. ಅಂಗಡಿಯವನು ಮಾತ್ರ ಮರುದಿನವೇ ನನ್ನ ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ ಅಂಟಿಸಿದ. ನನಗೆ ಅವಮಾನವಾಯಿತು.

ರಸ್ತೆ ಅಗಲವಾಗುವಾಗ ಅಂಗಡಿ ಒಡೆದರು. ಮೌನೇಶ ಬಡಿಗೇರ ಎಂಬ ಮರಗೆಲಸದವನು ನನ್ನನ್ನು ಗೋಣಿತಟ್ಟಿನಲ್ಲಿ ಸುತ್ತಿ ಧಾರವಾಡಕ್ಕೆ ತಂದ. ಅಲ್ಲಿ ಮುಳಗುಂದ ಅಕ್ಕೋರು ನನಗಾಗಿ ಕಾಯುತ್ತಿದ್ದರು.

ಶಾಂಭವಿ ಮುಳಗುಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು; ಓಣಿಗೆಲ್ಲ ಅಕ್ಕೋರು. ಒಂಟಿ ಜೀವ. ಕೊರಳಲ್ಲಿ ದುರ್ಬೀನು, ಕಂಡ ಹಕ್ಕಿಯ ಹೆಸರು ಬರೆಯಲು ಕೈಯಲ್ಲಿ ವಹಿ. ಬೆಳಕು ಹರಿಯುವ ಮುಂಚೆಯೇ ಕೆಲಗೇರಿ ಕೆರೆಗೆ ಹಕ್ಕಿ ನೋಡಲು ಹೋದರೆ ಬಿಸಿಲೇರಿದ ಮೇಲೆಯೇ ಮನೆಗೆ ಬರುವುದು. ಪ್ರತಿ ವರ್ಷದ ಕಡೆಯ ಸಂಜೆ, ಆ ವರ್ಷ ಕಂಡ ಹಕ್ಕಿಗಳ ಹೆಸರನ್ನೆಲ್ಲ ಪಕ್ಕದ ಮನೆಯ ಜೈತುನಬಿಗೆ ಓದಿ ಹೇಳುವುದು ಅವರ ಪದ್ಧತಿ. ನಡುವೆ ಗಿರ್ಮಿಟ್, ಚಹಾ. ಓದು ಮುಗಿದ ಮೇಲೆ ಮುಂದಿನ ವರ್ಷಕ್ಕೆ ಮನೆಯಲ್ಲಿ ಒಂದು ಹೊಸ ನೇಮ. ಒಂದು ವರ್ಷ ಸ್ನಾನದ ನೀರು ಬಾಳೆಗೆ, ಇನ್ನೊಂದು ವರ್ಷ ಪ್ಲಾಸ್ಟಿಕ್ ಚೀಲಕ್ಕೆ ನಮಸ್ಕಾರ. ನಾನು ಬಂದ ವರ್ಷದ ನೇಮ ಹಗಲು ದೀಪ ಹಚ್ಚಬಾರದು ಎಂಬುದು. ಅದಕ್ಕೆ ಬೆಳಕು ತರುವ ದೊಡ್ಡ ಕಿಟಕಿ ಬೇಕಿತ್ತು.

"ಹೊಸಾದು ಬ್ಯಾಡ ಮೌನೇಶ, ಯಾರರೆ ಬಿಟ್ಟ ಗಾಜು ಇದ್ರ ನೋಡು" ಎಂದು ಅಕ್ಕೋರು ಹೇಳಿದ್ದರಂತೆ. ಹೀಗೆ ನಾನು ಹಿತ್ತಲ ಗೋಡೆಯ ಕಿಟಕಿಯಾದೆ. ಕೆಂಪು ಪಟ್ಟಿಯನ್ನು ನೋಡಿದವರೇ, "ಇದನ್ನ ಕೆರೆದು ತಗಿ, ಅಸಹ್ಯ ಕಾಣಸ್ತೈತಿ" ಎಂದರು. ಮೌನೇಶ ಕೆರೆದು ತೆಗೆದ. ನನ್ನ ಹಿಗ್ಗಿಗೆ ಪಾರವೇ ಇರಲಿಲ್ಲ.

ಹಿತ್ತಲಲ್ಲಿ ಒಂದು ಪೇರಲ ಗಿಡ, ಮದರಂಗಿ ಬೇಲಿ. ಎಳೆಬಿಸಿಲು ಬಿದ್ದಾಗ ಆ ಗಿಡ ಕಾಯಿ, ಎಲೆ, ಅದರ ಹಿಂದಿನ ಆಕಾಶದ ಸಮೇತ ನನ್ನೊಳಗೆ ಇಳಿಯುತ್ತಿತ್ತು. ಯಾವುದು ನಿಜವಾದ ಗಿಡ, ಯಾವುದು ನನ್ನ ಗಿಡ ಎಂದು ಹೇಳಲಾಗದಷ್ಟು ಚೆಂದ.

ಹಕ್ಕಿಗೂ ಹೇಳಲಾಗಲಿಲ್ಲ. ಮೊದಲು ಬಂದದ್ದು ಒಂದು ಸೂರಕ್ಕಿ. ನನ್ನೊಳಗಿನ ರೆಂಬೆಯ ಮೇಲೆ ಕೂರಲು ನೇರ ಹಾರಿ ಬಂತು. ಟಪ್ ಎಂದಿತು, ಅಷ್ಟೆ. ಹೆಬ್ಬೆರಳಿನಷ್ಟು ಜೀವ. ಅಕ್ಕೋರು ಆಗ ಕೆರೆಯ ದಂಡೆಯಲ್ಲಿದ್ದರು. ಜೈತುನಬಿಯ ಬಿಳಿ ಬೆಕ್ಕು ಮೋತಿ ಗೋಡೆ ಹಾರಿ ಬಂದು, ಸತ್ತ ಹಕ್ಕಿಯನ್ನು ಮೂಸಿ, ಬಾಯಲ್ಲಿ ಕಚ್ಚಿಕೊಂಡಿತು. ಅಷ್ಟರಲ್ಲಿ ಅಕ್ಕೋರು ಬಂದರು.

"ಜೈತುನಬಿ, ನಿನ್ನ ಬೆಕ್ಕು ಹಕ್ಕಿ ಹಿಡದೈತಿ ನೋಡು."

"ಹಿಡಿಯೂದು ನೋಡೀರೇನ್ರಿ ಅಕ್ಕೋರ?"

"ಬಾಯಾಗ ಐತಲ್ಲ, ಇನ್ನೇನು ನೋಡೂದು?"

ಬೆಕ್ಕಿನ ತಲೆಯ ಮೇಲೆ ಗೂಬೆ ಕೂತಿತು. ಅಕ್ಕೋರೇ ಪೇಟೆಯಿಂದ ಗೆಜ್ಜೆ ತಂದು ಅದರ ಕೊರಳಿಗೆ ಕಟ್ಟಿದರು. ಆದರೂ ಪಿಕಳಾರ ಸತ್ತಿತು, ಮಿಂಚುಳ್ಳಿ ಸತ್ತಿತು, ಮತ್ತೆರಡು ಸೂರಕ್ಕಿ ಸತ್ತವು. ಗೆಜ್ಜೆಯ ಸದ್ದು ಪ್ರತಿ ಸಲವೂ ಆಮೇಲೆ ಕೇಳಿಸುತ್ತಿತ್ತು, ಮೊದಲಲ್ಲ. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ನನಗೋ ಬಾಯಿಲ್ಲ.

ಆಗಸ್ಟಿನಲ್ಲಿ ಅಕ್ಕೋರು ಖಡಾಖಂಡಿತ ಹೇಳಿಬಿಟ್ಟರು: ಬೆಕ್ಕು ಇರಬೇಕು, ಇಲ್ಲಾ ನಮ್ಮ ನಿಮ್ಮ ಮಾತುಕತೆ ಇರಬೇಕು. ಇಪ್ಪತ್ತು ವರ್ಷದ ಒಡನಾಟ. ಜೈತುನಬಿ ಮೋತಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮೀನು ಪೇಟೆಯಲ್ಲಿ ಬಿಟ್ಟು ಬಂದಳು. ಗೋಡೆಯ ಮೇಲಿನಿಂದ ಗೆಜ್ಜೆಯನ್ನು ಅಕ್ಕೋರ ಕೈಗೆ ಕೊಟ್ಟಳು. ಅಂದಿನಿಂದ ಅವಳು ಈಚೆ ಬರಲಿಲ್ಲ.

ಬೆಕ್ಕು ಹೋದ ಮೇಲೂ ಒಂದು ಪಿಕಳಾರ ಸತ್ತಿತು. ಅಕ್ಕೋರು ಹಾವೋ, ಮುಂಗುಸಿಯೋ ಎಂದು ಬೇಲಿಯ ಬುಡವನ್ನೆಲ್ಲ ಕೆದಕಿದರು. ನನ್ನ ಕಡೆ ಮಾತ್ರ ನೋಡಲಿಲ್ಲ. ನೋಡಿದರೂ ಕಾಣುತ್ತಿದ್ದದ್ದು ಪೇರಲ ಗಿಡವೇ.

ನವೆಂಬರಿನ ಒಂದು ಬೆಳಿಗ್ಗೆ ನೆಗಡಿಯಾಗಿ ಅಕ್ಕೋರು ಕೆರೆಗೆ ಹೋಗಲಿಲ್ಲ. ಶಾಲು ಹೊದ್ದು, ವಹಿ ಹಿಡಿದು ನನ್ನ ಹಿಂದೆ ಕೂತಿದ್ದರು. ಬೇಲಿಯ ಕೆಳಗೆ ತರಗೆಲೆ ಸರಿದಾಡಿತು. ಹಸಿರು ಬೆನ್ನು, ನೀಲಿ ರೆಕ್ಕೆ, ಮೋಟು ಬಾಲದ ಕೆಳಗೆ ಕೆಂಪು. ನವರಂಗ! ಆ ಹಕ್ಕಿ ತಮ್ಮ ಹಿತ್ತಲಿಗೆ ಒಮ್ಮೆಯಾದರೂ ಬರಲಿ ಎಂದು ಅಕ್ಕೋರು ಇಪ್ಪತ್ತೆರಡು ವರ್ಷ ಕಾದಿದ್ದರು. ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ವಹಿಯಲ್ಲಿ ಹೆಸರು ಬರೆದರು. ಹಕ್ಕಿ ಎರಡು ಕುಪ್ಪಳಿಸಿ, ಎದ್ದು, ನೇರ ಅವರತ್ತ ಹಾರಿ ಬಂತು.

ಟಪ್ ಎಂದಿತು.

ಅಕ್ಕೋರು ಓಡಿ ಹೊರಗೆ ಬಂದರು. ಅದನ್ನು ಅಂಗೈಯಲ್ಲಿ ಎತ್ತಿಕೊಂಡರು. ಕೊಕ್ಕು ಒಂದು ಸಲ ತೆರೆದು ಮುಚ್ಚಿತು, ಕತ್ತು ವಾಲಿತು. ಆಗ ಅವರು ಮೊದಲ ಬಾರಿಗೆ ಹಕ್ಕಿ ಬಂದ ದಾರಿಯಲ್ಲಿ ನಿಂತು ನನ್ನನ್ನು ನೋಡಿದರು. ನನ್ನೊಳಗೆ ಪೇರಲ ಗಿಡವಿತ್ತು, ಗಿಡದ ಕೆಳಗೆ ಸತ್ತ ಹಕ್ಕಿ ಹಿಡಿದ ಒಬ್ಬ ಹೆಂಗಸು ಇದ್ದಳು.

"ಅಯ್ಯ ಶಿವನ, ನಾನ ಕೊಂದೆ" ಎಂದರು ಅಕ್ಕೋರು. ನಾಚಿಕೆಯಿಂದ ನಾನು ಒಡೆದು ಹೋಗಬೇಕಿತ್ತು. ಗಾಜಿಗೆ ಅದೂ ತನ್ನ ಕೈಯಲ್ಲಿಲ್ಲ.

ಅಂದೇ ಮಧ್ಯಾಹ್ನ ಸುಣ್ಣ ಕಲಸಿ, ನನ್ನ ಹೊರಮೈಗೆ ಮೂರು ಮೂರು ಬೆರಳು ಬಿಟ್ಟು ಅಡ್ಡಗೆರೆ ಎಳೆದರು. ಅಕ್ಕೋರು ಕಿಟಕಿಗೂ ವಿಭೂತಿ ಹಚ್ಚ್ಯಾರ ಎಂದು ಓಣಿಯವರು ನಕ್ಕರು. ಮನುಷ್ಯನ ಹಣೆಗೆ ಬುಗುಟು ಬಂದದ್ದಕ್ಕೆ ಮರುದಿನವೇ ಪಟ್ಟಿ ಬಂದಿತ್ತು. ಹಕ್ಕಿಗಳಿಗೆ ಗೆರೆ ಬರಲು ಹತ್ತು ತಿಂಗಳು, ಏಳು ಜೀವ ಬೇಕಾದವು.

ಪಕ್ಕದ ಮನೆಗೆ ಹೋಗಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ವರ್ಷದ ಕಡೆಯ ಸಂಜೆಯವರೆಗೆ ಮುಂದೂಡಿದರು. ಅಂದು ಗೋಡೆಯ ಬಳಿ ನಿಂತು ಕೂಗಿದರು. ಜೈತುನಬಿ ಬಂದಳು, ಕೂರಲಿಲ್ಲ, ಗಿರ್ಮಿಟ್ ಮುಟ್ಟಲಿಲ್ಲ. ನನ್ನ ಪಕ್ಕ ಸೆರಗು ಹೊದ್ದು ನಿಂತಳು.

ಅಕ್ಕೋರು ತೊಂಬತ್ತನಾಲ್ಕು ಹಕ್ಕಿಗಳ ಹೆಸರು ಓದಿದರು. ಆ ಬೆಳಿಗ್ಗೆ ಬರೆದಿದ್ದ ನವರಂಗವನ್ನು ಓದಲಿಲ್ಲ. ಆಮೇಲೆ ಹಾಳೆ ತಿರುವಿದರು.

"ಇವು ನನ್ನ ಕಿಟಕಿಗೆ ಬಡದು ಸತ್ತಾವು. ಸೂರಕ್ಕಿ ಮೂರು. ಪಿಕಳಾರ ಎರಡು. ಮಿಂಚುಳ್ಳಿ ಒಂದು. ನವರಂಗ ಒಂದು." ವಹಿ ಮುಚ್ಚಿದರು. "ನಿನ್ನ ಮೋತಿದು ಏನೂ ತಪ್ಪಿರಲಿಲ್ಲವ್ವಾ. ನಾಳಿಂದ ದಿನಾ ಪೇಟಿಗೆ ಹೋಗಿ ಹುಡುಕಿ ತರ್ತೀನಿ."

ಜೈತುನಬಿ ಸುಣ್ಣದ ಗೆರೆಗಳನ್ನು ನೋಡಿದಳು.

"ಗುರುತು ಹೆಂಗ ಹಿಡೀತೀರಿ ಅಕ್ಕೋರ? ಪೇಟ್ಯಾಗ ಬಿಳಿ ಬೆಕ್ಕು ಬೇಕಾದಷ್ಟು ಅದಾವು. ಮೋತಿ ಕಣ್ಣು ಯಾ ಬಣ್ಣ, ಹೇಳ್ರಿ ನೋಡೂಣು."

ಕೆರೆಯ ಆಚೆ ದಡದ ಹಕ್ಕಿಯ ಕಣ್ಣಂಚಿನ ಬಣ್ಣ ಹೇಳಬಲ್ಲ ಅಕ್ಕೋರಿಗೆ ಇದು ಗೊತ್ತಿರಲಿಲ್ಲ. ಜೈತುನಬಿ ಹೇಳಿಕೊಡಲಿಲ್ಲ, ಹೊರಟುಹೋದಳು.

ಮರುದಿನದಿಂದ ಅಕ್ಕೋರು ಕೆರೆ ಬಿಟ್ಟು ಮೀನು ಪೇಟೆಗೆ ಹೋದರು. ದುರ್ಬೀನು ಹಿಡಿದು ತಗಡಿನ ಮಾಡುಗಳನ್ನು ನೋಡುತ್ತಿದ್ದರಂತೆ. ಮೂರು ತಿಂಗಳು ನೋಡಿದರು. ಮೋತಿ ಸಿಗಲಿಲ್ಲ.

ಈಗ ನನಗೂ ವಯಸ್ಸಾಗಿದೆ. ಒಂದು ಮೂಲೆ ಸೀಳಿದೆ, ಚೌಕಟ್ಟಿಗೆ ಗೆದ್ದಲು ಹತ್ತಿದೆ. ಮಳೆಗೆ ಸುಣ್ಣ ಕರಗಿದಾಗಲೆಲ್ಲ ಅಕ್ಕೋರು ಮತ್ತೆ ಬಳಿಯುತ್ತಾರೆ. ಹಕ್ಕಿಗಳು ಹತ್ತಿರ ಬಂದು, ಗೆರೆ ನೋಡಿ, ಪಕ್ಕಕ್ಕೆ ತಿರುಗುತ್ತವೆ. ಇಷ್ಟು ಕುರೂಪಿಯಾಗಿ ಕಾಣುವುದರಲ್ಲಿ ಇಷ್ಟು ನೆಮ್ಮದಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಜೈತುನಬಿ ಈಚೆಗೆ ವರ್ಷದ ಕಡೆಯ ಸಂಜೆ ಬಂದು ಕೂರುತ್ತಾಳೆ, ಚಹಾ ಕುಡಿಯುತ್ತಾಳೆ. ಬೇರೆ ಬೆಕ್ಕು ಸಾಕಲಿಲ್ಲ. ಅಕ್ಕೋರು ಆ ಎರಡನೆಯ ಹಾಳೆಯನ್ನು ಪ್ರತಿ ವರ್ಷವೂ ಓದುತ್ತಾರೆ. ಕಣ್ಣಿನ ಬಣ್ಣ ಕೇಳುವ ಧೈರ್ಯ ಅವರಿಗಿಲ್ಲ. ತಾನಾಗಿ ಹೇಳುವ ಮನಸ್ಸು ಅವಳಿಗಿಲ್ಲ.

ನನಗೆ ಗೊತ್ತು. ಮೋತಿ ದಿನವೂ ಬಂದು ನನ್ನಲ್ಲಿ ಮುಖ ನೋಡಿಕೊಳ್ಳುತ್ತಿತ್ತು. ಒಂದು ಕಣ್ಣು ನೀಲಿ, ಇನ್ನೊಂದು ಹಳದಿ. ಒಂದೇ ಒಂದು ಸಲ ನೋಡಿದ್ದರೂ ಯಾರೂ ಮರೆಯುತ್ತಿರಲಿಲ್ಲ.